ಹರಿಗೋಲಿಗೆ ವಿದ್ಯುತ್ ಮೋಟಾರು: ಒಂದು ಸ್ಥಾಪನಾ ಮೀಮಾಂಸೆ

ಹರಿಗೋಲೆಂದರೆ ಬಿದಿರ ಸೀಳುಗಳನ್ನು ಹೆಣೆದು, ಹೊರಮೈಗೆ ಹಿಂದೆ ಎಮ್ಮೆಯ ತೊಗಲನ್ನೂ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರುಗಳನ್ನೂ ಹೊದಿಸಿದ ದುಂಡನೆಯ ಜಲವಾಹನ. ವಿದ್ಯುತ್ ಮೋಟಾರೆಂದರೆ ಬ್ಯಾಟರಿಯಿಂದ ಕರೆಂಟು ಹೀರಿ ನೀರೊಳಗೆ ರೆಕ್ಕೆ ತಿರುಗಿಸುವ ಯಂತ್ರ. ಮೊದಲನೆಯದು ತಾನೇ ತಿರುಗುತ್ತದೆ, ಎರಡನೆಯದು ತನ್ನ ರೆಕ್ಕೆಯನ್ನು ತಿರುಗಿಸುತ್ತದೆ. ತಿರುಗುವ ಇವೆರಡನ್ನು ಒಂದಕ್ಕೊಂದು ಬಿಗಿದು ನೇರವಾಗಿ ಹೋಗುವಂತೆ ಮಾಡುವುದೇ ಈ ಶಾಸ್ತ್ರದ ವಿಷಯ. ಅಧ್ಯಯನದ ಕ್ಷೇತ್ರ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆ. ಈಚೆಗೆ ಇವುಗಳಿಂದ ಚಡಚಣ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲೂಕುಗಳು ಒಡೆದಿವೆಯಾದರೂ ಆ ಸುದ್ದಿ ನದಿಗಳಿಗೆ ಇನ್ನೂ ಮುಟ್ಟದ ಕಾರಣ ಹಳೆಯ ಗಡಿಗಳನ್ನೇ ಇಟ್ಟುಕೊಳ್ಳಲಾಗಿದೆ.

ವಿಷಯದ ಇತಿಹಾಸ ಕತ್ತೆಯಿಂದ ಆರಂಭವಾಗುತ್ತದೆ. ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಚರಿತ್ರೆಕಾರ ಹೆರೊಡೋಟಸ್ ಬ್ಯಾಬಿಲೋನಿನ ದುಂಡು ತೊಗಲುದೋಣಿಗಳನ್ನು ವರ್ಣಿಸುತ್ತ, ಪ್ರತಿಯೊಂದರಲ್ಲೂ ಕನಿಷ್ಠ ಒಂದು ಕತ್ತೆ ಇರುತ್ತಿತ್ತೆಂದು ಹೇಳುತ್ತಾನೆ. ವ್ಯಾಪಾರಿ ಹೊಳೆಯ ಸೆಳವಿನೊಂದಿಗೆ ಬಂದು ಸರಕು ಮಾರಿ, ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಊರಿಗೆ ಮರಳುತ್ತಿದ್ದ. ಸೆಳವಿನ ಎದುರು ಅಂಥ ದೋಣಿ ಏರುತ್ತಿರಲಿಲ್ಲ. ಆದ್ದರಿಂದ ಹರಿಗೋಲಿನ ಮೊದಲ ಸಹಾಯಕ ಎಂಜಿನ್ ಕತ್ತೆಯೇ. ದಕ್ಷತೆಯಲ್ಲಿ ಅದನ್ನು ಮೀರಿಸಿದ ಮೋಟಾರು ಇನ್ನೂ ಬಂದಿಲ್ಲವೆಂಬ ಪಕ್ಷವೂ ಉಂಟು, ಏಕೆಂದರೆ ಕತ್ತೆ ನೀರಿಲ್ಲದಿದ್ದಾಗಲೂ ಕೆಲಸ ಮಾಡುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಸ ಡೊಮಿಂಗೊ ಪಾಯೆಸ್ ಇಲ್ಲಿನ ಹರಿಗೋಲುಗಳು ಹದಿನೈದಿಪ್ಪತ್ತು ಜನರನ್ನೂ, ಬೇಕಾದರೆ ಕುದುರೆ ಎತ್ತುಗಳನ್ನೂ ಒಯ್ಯುತ್ತಿದ್ದುದನ್ನು ಕಂಡು ಬರೆದ. ಅವು ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಇರುತ್ತವೆಂಬ ದೂರನ್ನೂ ಸೇರಿಸಿದ. ಮೋಟಾರಿನ ಕಡೆಯ ವಂಶಾವಳಿ ಚಿಕ್ಕದು: 1839ರಲ್ಲಿ ಎಂಜಿನಿಯರ್ ಯಾಕೋಬಿ ಸೇಂಟ್ ಪೀಟರ್ಸ್‌ಬರ್ಗಿನ ನೆವಾ ನದಿಯಲ್ಲಿ ಹದಿನಾಲ್ಕು ಜನರನ್ನು ಕೂರಿಸಿ ಗಂಟೆಗೆ ಸುಮಾರು 4 ಕಿ.ಮೀ. ವೇಗದಲ್ಲಿ ವಿದ್ಯುತ್ ದೋಣಿ ನಡೆಸಿದ. 1881ರಲ್ಲಿ ಗುಸ್ತಾವ್ ತ್ರೂವೆ ಕಳಚಿ ಒಯ್ಯಬಹುದಾದ ಮೋಟಾರನ್ನು ಪ್ಯಾರಿಸಿನ ಸೇನ್ ನದಿಯ ದೋಣಿಗೆ ಸಿಕ್ಕಿಸಿದ. ಇಬ್ಬರ ದೋಣಿಗೂ ಮೂತಿಯಿತ್ತು, ಬಾಲವಿತ್ತು. ಕಷ್ಟವೇನೆಂಬುದು ಅವರಿಗೆ ತಿಳಿಯಲೇ ಇಲ್ಲ.

ಸ್ಥಾಪನೆಯ ಮೊದಲ ಪ್ರಶ್ನೆ ಮೋಟಾರನ್ನು ಎಲ್ಲಿ ಕೂಡಿಸಬೇಕೆಂಬುದು. ಉದ್ದ ದೋಣಿಗಳ ಕೈಪಿಡಿಗಳೆಲ್ಲ ಒಕ್ಕೊರಲಿನಿಂದ ‘ಹಿಂಭಾಗಕ್ಕೆ’ ಎನ್ನುತ್ತವೆ. ಹರಿಗೋಲಿಗೆ ಹಿಂಭಾಗವೆಂಬುದು ಇಲ್ಲ. ಮೋಟಾರು ಕೂತ ಕಡೆಯೇ ಹಿಂಭಾಗವೆಂದು ಘೋಷಿಸುವುದು ಒಂದು ಪಂಥ. ಇದು ಕಚೇರಿಗಳಲ್ಲಿ ಚೆನ್ನಾಗಿ ನಡೆಯುವ ಕ್ರಮವಾದರೂ ನೀರು ಒಪ್ಪುವುದಿಲ್ಲ. ಅಡಿಯಲ್ಲಿ ಏಣಿಲ್ಲದ ದುಂಡು ತಳವನ್ನು ಹಿಂದಿನಿಂದ ನೂಕಿದರೆ, ನೂಕುಬಲದ ಗೆರೆ ನಡುಮಧ್ಯದಿಂದ ಕೂದಲೆಳೆಯಷ್ಟು ಸರಿದರೂ ಸಾಕು, ಇಡೀ ಹರಿಗೋಲು ಅತ್ತ ತಿರುಗತೊಡಗುತ್ತದೆ. ಹೊರಟ ದಡವನ್ನೇ ನಾಲ್ಕೈದು ಸಲ ದರ್ಶನ ಮಾಡಿಸುತ್ತದೆ. ಇನ್ನೊಂದು ಪಂಥ ಅಂಬಿಗನನ್ನು ಪ್ರಮಾಣವಾಗಿ ಹಿಡಿಯುತ್ತದೆ. ಅವನು ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ನಿಂತು ಹುಟ್ಟಿನಿಂದ ನೀರನ್ನು ತನ್ನತ್ತ ಸೆಳೆಯುತ್ತಾನೆ, ಭಾರ ಹಿಂದೆ ಬರುತ್ತದೆ. ಮೋಟಾರನ್ನೂ ಮುಂದೆ ಕಟ್ಟಿ, ಅದರ ಹಿಡಿಕೆಯನ್ನು ಹರಿಗೋಲಿನ ಅಂಚಿಗೆ ಹೊಂದಿಸದೆ ಆಚೆ ದಡದ ಬೇವಿನ ಮರಕ್ಕೆ ಗುರಿಯಿಟ್ಟು ಹಿಡಿದರೆ ಎಳೆತ ತಾನಾಗಿ ನೆಟ್ಟಗಾಗುತ್ತದೆ. ತಳಕ್ಕೊಂದು ನಿಲುವು ಹಲಗೆ ಬಿಗಿದರೆ ಇನ್ನೂ ಉತ್ತಮ. ಈ ಪಂಥವೇ ಸಿದ್ಧಾಂತಪಕ್ಷ. ಮೋಟಾರಿನ ಹಿಡಿಪಟ್ಟಿ ಚಪ್ಪಟೆ ಮರಕ್ಕಾಗಿ ಮಾಡಿದ್ದಾದ್ದರಿಂದ ಹೆಣೆದ ಅಂಚಿಗೆ ಮೊದಲು ಒಂದು ಜಾಲಿಯ ತುಂಡನ್ನು ಹುರಿಯಿಂದ ಬಿಗಿಯಬೇಕು. ಬರೀ ಬಿದಿರಿಗೆ ಸ್ಕ್ರೂ ಒತ್ತಿದರೆ ಮೋಟಾರು ಆಚೆ ದಡಕ್ಕೂ ಹರಿಗೋಲು ಈಚೆ ದಡಕ್ಕೂ ಪ್ರತ್ಯೇಕವಾಗಿ ಮುಟ್ಟುವ ಸಂಭವವುಂಟು.

ಕೂಡಿಸಿದ್ದು ಸರಿಯಾಯಿತೇ ಎಂದು ಅಳೆಯಲು ದುಬಾರಿ ಉಪಕರಣ ಬೇಡ. ಕೊಲ್ಹಾರದ ಗಡಿಗೆ ಮೊಸರು ಹೆಸರಾದದ್ದು. ಅದರ ಒಂದು ಗಡಿಗೆಯನ್ನು ಹರಿಗೋಲಿನ ಅಂಚಿನಲ್ಲಿಟ್ಟು ಹೊಳೆ ಹಾಯಬೇಕು. ಮೊಸರು ಮೊಸರಾಗಿಯೇ ಉಳಿದರೆ ಸ್ಥಾಪನೆ ಶುದ್ಧ. ಮಜ್ಜಿಗೆಯಾದರೆ ಮೋಟಾರನ್ನು ಅಂಚಿನಗುಂಟ ಸರಿಸಬೇಕು. ಬೆಣ್ಣೆ ತೇಲಿದರೆ ಮೋಟಾರನ್ನು ಕಳಚಿ ಹಾಲಿನ ಡೇರಿಗೆ ಕೊಡಬಹುದು.

ಶಕ್ತಿಯ ಲೆಕ್ಕ ಸುಲಭ. ಪ್ರತಿ 100 ಪೌಂಡ್ ಭಾರಕ್ಕೆ 2 ಪೌಂಡ್ ನೂಕುಬಲವೆಂಬುದು ರೂಢಿಯ ಸೂತ್ರ. ಹತ್ತು ಜನ, ಹರಿಗೋಲು, ಬ್ಯಾಟರಿ ಎಲ್ಲ ಸೇರಿ 725 ಕಿಲೋ ಹಿಡಿದರೆ 32 ಪೌಂಡ್ ಬೇಕು. ಅಷ್ಟರ ಮೋಟಾರು 12 ವೋಲ್ಟಿನಲ್ಲಿ ಸುಮಾರು 30 ಆಂಪಿಯರ್ ನುಂಗುತ್ತದೆ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಕಾಗದದ ಮೇಲೆ ಮೂರು ತಾಸು ನಡೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುವುದರಿಂದ ನಿಜಕ್ಕೆ ಒಂದೂವರೆ ತಾಸು. ಅದರ ತೂಕ 25ರಿಂದ 30 ಕಿಲೋ, ಅಂದರೆ ಅದು ಟಿಕೆಟು ತೆಗೆಸದ ಅರ್ಧ ಪ್ರಯಾಣಿಕ, ಕೂರುವುದು ಮಾತ್ರ ನಡುಮಧ್ಯದಲ್ಲೇ. ಚಾರ್ಜಿಗೆ 100 ವ್ಯಾಟಿನ ಸೌರಫಲಕವನ್ನು ತಲೆಯ ಮೇಲೆ ಕಟ್ಟಿದರೆ ಬರಿದಾದ ಬ್ಯಾಟರಿ ತುಂಬಲು ಬಿಸಿಲಿನ ಮೂರು ದಿನ ಹಿಡಿಯುತ್ತದೆ, ಆಷಾಢದ ಗಾಳಿಗೆ ಫಲಕ ಹಾರಲು ಮೂರು ನಿಮಿಷ ಸಾಕು. ಮನೆಯ ಕರೆಂಟಿನಿಂದ ತುಂಬುವವರು ಒಂದು ತಾತ್ತ್ವಿಕ ಅಂಶ ಗಮನಿಸಬೇಕು. ಆಲಮಟ್ಟಿ ಜಲಾಶಯದ ನೀರು 290 ಮೆಗಾವ್ಯಾಟಿನ ಜಲವಿದ್ಯುದಾಗಾರವನ್ನು ತಿರುಗಿಸುತ್ತದೆ. ಅದೇ ನೀರು ಕೂಡಗಿಯ 2400 ಮೆಗಾವ್ಯಾಟಿನ ಉಷ್ಣ ಸ್ಥಾವರಕ್ಕೂ ಹೋಗಿ ಹಬೆಯಾಗುತ್ತದೆ. ಹಾಗೆ ಹುಟ್ಟಿದ ಕರೆಂಟಿನಿಂದ ಅದೇ ನೀರಿನ ಮೇಲೆ ಹರಿಗೋಲು ನಡೆಸುವುದೆಂದರೆ, ಕೃಷ್ಣೆಯನ್ನು ಹಾಯಲು ಕೃಷ್ಣೆಯನ್ನೇ ಕಾಯಿಸಿದಂತಾಯಿತು.

ಇನ್ನು ನೀರಿನ ವಿಚಾರ, ಅಂದರೆ ಈ ಶಾಸ್ತ್ರದ ಮುಖ್ಯ ಅಡಚಣೆ. ಮೋಟಾರಿನ ರೆಕ್ಕೆ ನೀರಿನ ಮೇಲ್ಮೈಯಿಂದ ಒಂದಡಿಯಾದರೂ ಕೆಳಗಿರಬೇಕು. ಮೊಣಕಾಲು ನೀರಿನಲ್ಲೂ ತೇಲುವುದು ಹರಿಗೋಲಿನ ಹೆಗ್ಗಳಿಕೆ. ಮೋಟಾರು ಕೂತ ಕ್ಷಣ ಆ ಹೆಗ್ಗಳಿಕೆ ಕಲ್ಲಿಗೆ ಬಡಿದು ಮುರಿಯುತ್ತದೆ. ಇಂಡಿ ಮತ್ತು ಸಿಂದಗಿಯ ಭೀಮೆಯಲ್ಲಿ ಬೇಸಿಗೆಗೆ ಬ್ಯಾರೇಜುಗಳ ಹಿಂದೆ ನಿಂತ ನೀರು ಬಿಟ್ಟರೆ ಉಳಿದದ್ದು ಉಸುಕು. ಅಲ್ಲಿ ಪ್ರಯಾಣಿಕನೇ ಹರಿಗೋಲನ್ನು ಹೊತ್ತು ಹಾಯಬಲ್ಲ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟಾಗ ಚಿತ್ರ ಬದಲಾಗುತ್ತದೆ. 2020ರ ಅಕ್ಟೋಬರಿನಲ್ಲಿ ಹೊಳೆದಂಡೆಯ ಊರುಗಳಿಗೇ ನೀರು ನುಗ್ಗಿತು. ಅಂಥ ಸೆಳವು ಸೆಕೆಂಡಿಗೆ 3 ಮೀಟರ್, ಅಂದರೆ ತಾಸಿಗೆ 10.8 ಕಿ.ಮೀ. ಎಂದಿಟ್ಟುಕೊಂಡರೆ, ತಾಸಿಗೆ 5 ಕಿ.ಮೀ. ವೇಗದ ಮೋಟಾರನ್ನು ಪೂರ್ತಿ ಬಿಟ್ಟು ಮೇಲಕ್ಕೆ ಹೊರಟ ಹರಿಗೋಲು ತಾಸಿಗೆ 5.8 ಕಿ.ಮೀ. ಹಿಂದಕ್ಕೆ ಸಾಗುತ್ತದೆ. ಪಂಢರಪುರಕ್ಕೆ ಮುಖ ಮಾಡಿ ಕೂತ ವಾರಕರಿ ಬೆನ್ನು ಮುಂದಾಗಿ ಗಾಣಗಾಪುರ ಸೇರುತ್ತಾನೆ. ವಿಠ್ಠಲನ ಹರಕೆ ದತ್ತನಿಗೆ ಸಲ್ಲುತ್ತದೆಯೇ ಎಂಬುದನ್ನು ಧರ್ಮಶಾಸ್ತ್ರಜ್ಞರು ನಿರ್ಧರಿಸಬೇಕು.

ಮುದ್ದೇಬಿಹಾಳದ ತಂಗಡಗಿಯದು ಐತಿಹಾಸಿಕ ಪ್ರಕರಣ. ಆಚೆ ದಡದ ರಕ್ಕಸಗಿಯೊಂದಿಗೆ ಅದರ ಹೆಸರೂ ಸೇರಿರುವ 1565ರ ಜನವರಿಯ ಕಾಳಗಕ್ಕೆ ಮುನ್ನ, ಸುಲ್ತಾನರ ದಂಡು ಹೊಳೆಗುಂಟ ನಡೆದು ವಿಜಯನಗರದ ಕಾವಲನ್ನು ಏಮಾರಿಸಿ, ಬಿಟ್ಟುಬಂದ ಕಡವಿಗೇ ಮರಳಿ ಕೃಷ್ಣೆಯನ್ನು ಹಾಯಿತೆಂದು ಚರಿತ್ರೆಕಾರ ಫೆರಿಷ್ತಾ ಬರೆದಿದ್ದಾನೆ. ಮೋಟಾರಿದ್ದರೆ ಈ ನಡಿಗೆ ತಪ್ಪುತ್ತಿತ್ತೆಂಬ ವಾದ ನಿಲ್ಲದು. ಕಾಲಿಂದಲೇ ಹಾಯಬಹುದಾದ ಜಾಗವಿದ್ದುದರಿಂದಲೇ ಅದನ್ನು ಕಾಯಬೇಕಾಯಿತು. ಜಿಲ್ಲೆಯ ಇನ್ನೊಂದು ನದಿ ಡೋಣಿಯ ಬಗ್ಗೆ ಇಷ್ಟೇ ಸಾಕು: ಅದರ ನೀರು ಸವುಳು, ಬ್ಯಾಟರಿಯ ತಂತಿಗಳಿಗೆ ಬೇಗ ಕಿಲುಬು ಹಿಡಿಯುತ್ತದೆ.

ಯೋಗ್ಯ ಜಲವೆಂದರೆ ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿ ಹಿನ್ನೀರು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಅಡಿಗಲ್ಲಿಟ್ಟು, 2006ರಲ್ಲಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದ ಈ ಜಲಾಶಯ 519.6 ಮೀಟರಿಗೆ ತುಂಬಿದಾಗ ಆಳವುಂಟು, ಅಗಲವುಂಟು, ಸೆಳವಿಲ್ಲ. ಉಳಿದ ಶತ್ರುಗಳು ಎರಡೇ, ಗಾಳಿ ಮತ್ತು ಮೀನುಬಲೆ. ರೆಕ್ಕೆಗೆ ಸುತ್ತಿದ ಬಲೆಯನ್ನು ಬಿಡಿಸುವ ತಾಂತ್ರಿಕ ವಿಧಾನ ಸರಳವಾದುದು, ಬಲೆಯ ಒಡೆಯನನ್ನು ಸಮಾಧಾನಪಡಿಸುವುದು ಪ್ರತ್ಯೇಕ ಗ್ರಂಥದ ವಿಷಯ.

ಕಾನೂನಿನ ದೃಷ್ಟಿಯಿಂದ, 1917ರ ಹಬೆ ದೋಣಿಗಳ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರಚಾಲಿತ ನೌಕೆಗಳಿಗೆ ತಪಾಸಣೆ, ನೋಂದಣಿ ವಿಧಿಸುತ್ತದೆ. ಹರಿಗೋಲಿನ ಉದ್ದ ಅಗಲ ಕೇಳಿದರೆ ಎರಡಕ್ಕೂ ಒಂದೇ ಅಂಕಿ ಬರೆಯುವುದು. ಇದನ್ನು ನಕಲು ಮಾಡಿದ್ದೆಂದು ತಿಳಿಯಬಾರದು.

ನೀರು ಇಳಿದ ಮೇಲೆ ಮೋಟಾರನ್ನು ಕಳಚಿ, ಒಣಗಿಸಿ, ಅಟ್ಟಕ್ಕೇರಿಸಬೇಕು. ಹರಿಗೋಲನ್ನು ಬೋರಲು ಹಾಕಿದರೆ ಆಡುಮರಿಗಳಿಗೆ ನೆರಳಾಗುತ್ತದೆ. ಬ್ಯಾಟರಿಯನ್ನು ಬರಿದಾಗಿ ಬಿಡದೆ ಮನೆಯ ಇನ್ವರ್ಟರಿಗೆ ಜೋಡಿಸುವುದು ವಾಡಿಕೆ. ಫ್ಯಾನಿನ ಗಾಳಿಗೆ ಒಗ್ಗಿದ ಮನೆಯವರಿಂದ ಅದನ್ನು ಮುಂಗಾರಿನಲ್ಲಿ ಮರಳಿ ಪಡೆಯುವ ಕ್ರಮ ಜಲಸಾರಿಗೆಯ ವ್ಯಾಪ್ತಿಗೆ ಬರುವುದಿಲ್ಲ.