ಒಂದು ಚೀಲ ಬರೀ ಕಲ್ಲು

ಬಳ್ಳಾರಿಯವನಿಗೆ ಕಲ್ಲಿನ ಬರವೇ? ಊರ ನಡುವೆ ಕೋಟೆ ಗುಡ್ಡ, ಬೇಸಿಗೆಯ ರಾತ್ರಿ ಹತ್ತಾದರೂ ಕಾವು ಬಿಡದ ಬಂಡೆ. ಹಾಗಿದ್ದೂ ನಾನು ಸಿರುಗುಪ್ಪದ ತನಕ ಬಸ್ಸಿನಲ್ಲಿ ಹೋಗಿ ಕಲ್ಲು ಹೆಕ್ಕಿಕೊಂಡು ಬಂದೆ. ಕಡಲ ದಂಡೆಯ ಉರುಟುಗಲ್ಲು ಅಂಟಿಸಿ ಬಾತುಕೋಳಿ ಮಾಡುವುದನ್ನು ಯಾರೋ ಮೊಬೈಲಿನಲ್ಲಿ ತೋರಿಸಿದ್ದರು. ನಮಗೆ ಕಡಲೆಲ್ಲಿ? ತುಂಗಭದ್ರೆಯೇ ಗತಿ.

ನೀರಿಳಿದ ದಡದಲ್ಲಿ ಕೆಂಪು, ಕಪ್ಪು, ಹಾಲುಬಿಳುಪಿನ ಬೆಣಚು, ಎಲ್ಲ ಫಳಫಳ. ತುಂಬಲು ಸಿಕ್ಕಿದ್ದು ಸೋನಾ ಮಸೂರಿ ಚೀಲ. ಎಡವಟ್ಟಾದದ್ದು ಅಲ್ಲೇ.

"ಅಕ್ಕಿಗೆ ಲಗೇಜ್ ಆಗತೈತ್ರಿ," ಎಂದ ಕಂಡಕ್ಟರು.

"ಅಕ್ಕಿ ಅಲ್ರಿ, ಕಲ್ಲು."

"ಅಕ್ಕ್ಯಾಗ ಕಲ್ಲಿದ್ರ ಅಂಗಡಿಯವಗ ಹೇಳ್ರಿ, ನನಗ್ಯಾಕ?"

"ಬರೀ ಕಲ್ಲು. ಅಕ್ಕಿ ಇಲ್ಲೇ ಇಲ್ಲ."

ಆತ ಚೀಲವನ್ನೂ ನನ್ನನ್ನೂ ನೋಡಿದ. ದನಿಯಲ್ಲಿ ಕರುಣೆ ಇಳಿಯಿತು. "ಪೂರಾ ಮೋಸ ಮಾಡ್ಯಾನಲ್ರೀ ಹಂಗಾರ!"

ಮುಂದಿನ ಮೂರು ಸೀಟು ಹಿಂದಕ್ಕೆ ತಿರುಗಿದವು. ಚೀಲದ ಬಾಯಿ ಬಿಚ್ಚಿ ತೋರಿಸಬೇಕಾಯಿತು. ಕೆಂಪು ಕಲ್ಲು ಕಂಡದ್ದೇ ಒಬ್ಬರು, "ಸಂಡೂರಿನ ಅದಿರು! ಪರ್ಮಿಟ್ ಐತೇನ್ರಿ?" ಎಂದರು. ಇನ್ನೊಬ್ಬರು ಅಕ್ವೇರಿಯಮ್ಮಿಗೆ ಎಂದರು. ಬಾತುಕೋಳಿಗೆ ಎಂದೆ. "ತಿಂತಾವೇನು?" ಎಂದು ಯಾರೋ ಕೇಳಿದರು. ಅಷ್ಟರಲ್ಲಿ ಕುರುಗೋಡಿನ ಅಜ್ಜಿಯೊಬ್ಬಳು ಕೈ ಹಾಕಿ, ನಾನು ಬಾತಿನ ಹೊಟ್ಟೆಗೆಂದು ಎತ್ತಿಟ್ಟಿದ್ದ ಗುಂಡನೆಯ ಕರಿಗಲ್ಲು ತೆಗೆದು ಕಣ್ಣಿಗೊತ್ತಿಕೊಂಡಳು. "ನಮ್ಮ ದೊಡ್ಡಬಸಪ್ಪನ ಮರಿ ಇದ್ದಂಗೈತಿ, ಯಪ್ಪಾ." ಸೆರಗಿನ ತುದಿಗೆ ಗಂಟು ಹಾಕಿ ಕ್ರಾಸಿನಲ್ಲಿ ಇಳಿದೇ ಹೋದಳು. ಅಂಥ ಭಕ್ತಿಯೆದುರು ಅಜ್ಜಿ, ಅದು ಬಾತಿನ ಹೊಟ್ಟೆ ಎನ್ನುವುದು ಹೇಗೆ?

ಮನೆಗೆ ತಂದು ಸುರಿದೆ. ಒಣಗಿದ ಕಲ್ಲುಗಳೆಲ್ಲ ಬೂದಿ ಬಳಿದಂತೆ ಮಂಕು. ನೀರು ಮೇಲ್ಮೈಯ ತರಕಲನ್ನು ತುಂಬಿ ಬೆಳಕು ಚದುರದಂತೆ ಮಾಡುತ್ತದಂತೆ. ಹೊಳಪು ಕಲ್ಲಿನದಲ್ಲ, ಹೊಳೆಯದು. "ಬಕೆಟ್ಟಿನಲ್ಲೇ ಇಡ್ರಿ ಹಂಗಾರ," ಎಂದಳು ಹೆಂಡತಿ. ಎಮರಿ ಹಾಳೆ ತಂದೆ: 120, 220, 400, 600, 1000. ನೀರು ಚಿಮುಕಿಸುತ್ತ ಸರದಿ ತಪ್ಪದೆ ಉಜ್ಜಬೇಕು. ನಡುವೆ ಒಂದು ನಂಬರು ಹಾರಿಸಿದರೆ ಮೊದಲಿನ ಗೀರು ಕೊನೆಗೆ ಎದ್ದು ಕಾಣುತ್ತದೆ. ನಾನು ಹಾರಿಸಿದೆ. ಮೋಸ್ ಮಾಪಕದಲ್ಲಿ ಬೆಣಚಿನ ಗಡಸುತನ 7, ಚಾಕುವಿನ ಉಕ್ಕಿಗಿಂತ ಹೆಚ್ಚು. ನನ್ನ ಹೆಬ್ಬೆರಳಿನದು ಎಷ್ಟೆಂದು ಸಂಜೆಗೆ ತಿಳಿಯಿತು. ನೆಂಟರು ಬಂದು, "ಮಾರತಾವೇನು?" ಎಂದು ಕೇಳಿದರು. ಮಾರಿದರೆ ಕಲೆ, ಇಲ್ಲದಿದ್ದರೆ ಹುಚ್ಚು. ಇಂಥವರಿಗೆ ಚಹಾ ಬೇರೆ ಕೊಡಬೇಕು.

ಸಿಟ್ಟಿಗೆ ಒಂದು ಭಾನುವಾರ ನಮ್ಮೂರ ಪಕ್ಕದ ಸಂಗನಕಲ್ಲಿಗೆ ಹೋದೆ. 1872ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಕಲ್ಗೊಡಲಿ ಕಂಡ ಗುಡ್ಡಗಳ ಸೀಮೆ ಅದು. ಕೊಡಲಿ ಮಸೆದು ಮಸೆದು ಬಂಡೆಯ ಮೇಲೆ ಬಿದ್ದ ಗೀರುಗುಳಿಗಳಿವೆ, 3,500 ವರ್ಷಕ್ಕೂ ಹಿಂದಿನವು. ಒಂದರಲ್ಲಿ ಅಂಗೈ ಇಟ್ಟೆ, ಸರಿಯಾಗಿ ಕೂತಿತು. ಎಮರಿ ಇಲ್ಲ, ನಂಬರಿಲ್ಲ, ಬರೀ ನೀರು, ಮರಳು, ತೋಳು. ಜಲ್ಲಿಗೆಂದು ಒಡೆದು ಒಡೆದು ಆ ಗುಡ್ಡಗಳನ್ನೂ ಎಷ್ಟೋ ತಿಂದಾಗಿದೆ. ನಗು ಬರಲಿಲ್ಲ. ಬಿಸಿಲೇರಿತು, ಇಳಿದು ಬಂದು ಒಗ್ಗರಣೆ ಮಿರ್ಚಿ ತಿಂದೆ.

ಕೊನೆಗೆ ವಾರ್ನಿಷ್ ಬಳಿದೆ, ಮೂರು ಕೋಟು. ಬಾತುಕೋಳಿ ಗೋಡೆಗೇರಿದೆ, ಕೊಕ್ಕಿದೆ, ಕಾಲಿದೆ, ಹೊಟ್ಟೆಯ ಜಾಗ ಖಾಲಿ. ಆ ಹೊಟ್ಟೆ ಕುರುಗೋಡಿನ ಯಾವುದೋ ಜಗುಲಿಯಲ್ಲಿ ವಿಭೂತಿ ಹಚ್ಚಿಸಿಕೊಂಡು, ದಿನಾ ಎಣ್ಣೆ ಕುಡಿದು, ನನ್ನ ಮೂರು ಕೋಟಿಗಿಂತ ಚೆನ್ನಾಗಿ ಮಿರುಗುತ್ತಿರಬೇಕು.