ಖಜಾಂಚಿ ಅಲೆ ಏರಿದ್ದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕಿನೊಳಗೆ ನಾಲ್ಕು ಮಂದಿ ದೋಸ್ತರು ಕೂಡಿದಲ್ಲಿ ಒಬ್ಬ ಖಜಾಂಚಿ ಇದ್ದೇ ಇರುತ್ತಾನೆ. ಅವನನ್ನು ಯಾರೂ ಆರಿಸಿರುವುದಿಲ್ಲ. ಗಣಪತಿ ಪಟ್ಟಿ ಎತ್ತುವ ವಯಸ್ಸಿನಲ್ಲೇ ರಸೀದಿ ಪುಸ್ತಕ ತಾನಾಗಿ ಅವನ ಕಿಸೆಗೆ ಬಂದು ಕೂತಿರುತ್ತದೆ. ಅರ್ಧ ಚಹಾ ಕುಡಿದರೂ ‘ಟಿಟಿಎಂಎಂ’ ಅನ್ನುತ್ತಾನೆ. ತುಝಾ ತೂ, ಮಾಝಾ ಮೀ. ಗಡಿ ತಂಟೆ ಏನೇ ಇರಲಿ, ಮರಾಠಿಯ ಈ ನಾಲ್ಕು ಶಬ್ದಕ್ಕೆ ನಮ್ಮ ಕಡೆ ಯಾರದೂ ತಕರಾರಿಲ್ಲ.

ನಮ್ಮ ಖಜಾಂಚಿ ಚಿಕ್ಕೋಡಿಯವ. ಸಮುದ್ರಕ್ಕೆ ಹೋಗಿ ಸರ್ಫಿಂಗ್ ಕಲಿಯುವ ನಮ್ಮ ಟ್ರಿಪ್ಪು ಚಿಕ್ಕೋಡಿ ಜಿಲ್ಲೆಯ ಬೇಡಿಕೆಯ ಹಾಗೆಯೇ ಆಗಿತ್ತು. ಮಾತು ಪ್ರತಿ ವರ್ಷ ಏಳುವುದು, ಪ್ರತಿ ವರ್ಷ ಮುಂದಕ್ಕೆ ಹೋಗುವುದು. ಕಡೆಗೊಮ್ಮೆ ಮೀಟಿಂಗ್ ಕೂಡಿತು. ರಾಯಬಾಗದವ ಮುಲ್ಕಿಗೆ ಹೋಗೋಣ ಎಂದ. ಅಲ್ಲಿಯ ಮಂತ್ರ ಸರ್ಫ್ ಕ್ಲಬ್ ಕಟ್ಟಿದವರು ಅಮೆರಿಕದಿಂದ ಬಂದ ಜ್ಯಾಕ್ ಹೆಬ್ನರ್ ಎಂಬ ಸ್ವಾಮಿ, 2004ರಲ್ಲಿ, ಎಂದು ಮಾಹಿತಿ ಕೊಟ್ಟ.

“ಸ್ವಾಮಿಗೋಳು ನಮ್ಮ ಕಡೆ ಕಡಿಮಿ ಅದಾರೇನ? ಮುಲ್ಕಿತನಾ ಡೀಜಲ್ ಯಾರ ಹಾಕ್ತಾರ?” ಎಂದ ಖಜಾಂಚಿ.

ಆಜರಾ ದಾಟಿ ಆಂಬೋಲಿ ಘಾಟ ಇಳಿದರೆ ಗೋವಾ ಸಮೀಪ ಎಂದು ನಿಪ್ಪಾಣಿಯವ ಸೂಚಿಸಿದ. “ಡೀಜಲ್‌ದಾಗ ಉಳಿದದ್ದ ನೀವು ಬಾಟ್ಲಿಗೆ ಹಾಕ್ತೀರಿ.” ಅದೂ ಬಿತ್ತು. ಮಹಾಬಲೇಶ್ವರನ ಗುಡಿಯಲ್ಲಿ ಮಧ್ಯಾಹ್ನದ ಪ್ರಸಾದ ಸಿಗುತ್ತದೆ ಎಂಬ ಒಂದೇ ಆಧಾರದ ಮೇಲೆ ಗೋಕರ್ಣ ಪಾಸಾಯಿತು.

ನಿಪ್ಪಾಣಿಯವನ ಮಾವನ ಹಳೇ ಬೊಲೆರೊ. ಹತ್ತರಗಿ ಟೋಲ್ ತಪ್ಪಿಸಲೆಂದು ಖಜಾಂಚಿ ಒಳದಾರಿ ಹಿಡಿಸಿದ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಮುಕ್ಕಾಲು ತಾಸು ತೆವಳಿದೆವು. ಟೋಲಿಗಿಂತ ಹೆಚ್ಚು ಡೀಜಲ್ ಸುಟ್ಟಿತು. ಅದನ್ನು ಅವನು ಲೆಕ್ಕದಲ್ಲಿ ‘ದಾರಿ ನೋಡಿದ್ದು’ ಎಂದು ಬರೆದುಕೊಂಡ.

ಊಟಕ್ಕೆ ಖಜಾಂಚಿಯ ಅವ್ವ ಬಡಿದ ಅರವತ್ತು ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಚೀಲ ಭಡಂಗ. ಅರಬೈಲ್ ಘಾಟ ಇಳಿಯುತ್ತಿದ್ದಂತೆ ರೊಟ್ಟಿಯ ಕಟಕತನ ಹೋಗತೊಡಗಿತು. ಗೋಕರ್ಣದ ಕುಡ್ಲೆ ದಂಡೆ ಮುಟ್ಟುವ ಹೊತ್ತಿಗೆ ಅದನ್ನು ಕರವಸ್ತ್ರದ ಹಾಗೆ ಮಡಿಚಿ ಕಿಸೆಯಲ್ಲಿ ಇಡಬಹುದಾಗಿತ್ತು. ಬಯಲುಸೀಮೆಯ ರೊಟ್ಟಿಗೆ ಕರಾವಳಿಯ ಹವೆ ಆಗಿಬರುವುದಿಲ್ಲ.

ಸರ್ಫಿಂಗ್ ಕಲಿಸುವ ಹುಡುಗನ ಜೊತೆ ಚೌಕಾಶಿ ಅರ್ಧ ತಾಸು ನಡೆಯಿತು. ಐದು ಜನಕ್ಕೆ ಎರಡೇ ಹಲಗೆ, ಒಟ್ಟು ಮೂರು ಸಾವಿರ. ಥ್ರೀ ಫೇಸ್ ಕರೆಂಟಿನ ಹಾಗೆ ಖಜಾಂಚಿ ಪಾಳಿ ಹಚ್ಚಿದ.

“ಒಂದೂವರೆ ತಾಸಿನಾಗ ಎಷ್ಟ ಅಲಿ ಬರ್ತಾವು?”

“ಅದು ಸಮುದ್ರವನ್ನೇ ಕೇಳಬೇಕು, ಅಣ್ಣಾ.”

ಹುಡುಗ ಸುಮ್ಮನೆ ಆಡಿದ ಮಾತು. ಖಜಾಂಚಿ ಅಂದಾಜು ಐವತ್ತು ಎಂದು ಹಿಡಿದು ಭಾಗಿಸಿದ. ಅಲೆಗೆ ಅರವತ್ತು ರೂಪಾಯಿ ಬಿತ್ತು. ಅಲ್ಲಿಂದ ಶುರುವಾಯಿತು ನಮ್ಮ ಪಾಡು. ಹಲಗೆ ಜಾರಿ ನಾನು ಮೂಗಿನಲ್ಲಿ ಉಪ್ಪುನೀರು ಎಳೆದುಕೊಂಡು ಏಳುವಷ್ಟರಲ್ಲಿ ದಂಡೆಯಿಂದ ಕೂಗು: “ಅರವತ್ತ ರೂಪಾಯಿ ಹೋತಲೇ ಕಾಗವಾಡ!” ರಾಯಬಾಗದವನೊಬ್ಬನೇ ಆ ಮುಂಜಾನೆ ಏಳುನೂರಾ ಇಪ್ಪತ್ತು ಮುಳುಗಿಸಿದ. ನಾವೆಲ್ಲ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಾವಿಯಲ್ಲಿ ಈಸು ಕಲಿತವರು, ಕೃಷ್ಣೆಯನ್ನು ಅಡ್ಡ ಹಾಯ್ದವರು. ಆದರೆ ಬಾವಿಯ ನೀರು ಎದ್ದು ಬಂದು ಹೊಡೆಯುವುದಿಲ್ಲ.

ಈ ನಡುವೆ ಅಥಣಿಯವನ ಒಂದು ಚಪ್ಪಲಿಯನ್ನು ಅಲೆ ಒಯ್ದಿತು. ಹೆಸರು ಕೊಲ್ಹಾಪುರದ್ದಾದರೂ ಹೊಲಿಗೆ ಅವನೂರಿನದೇ. “2019ರಾಗ ಜಿಐ ಸಿಕ್ಕ ಚಪ್ಪಲಿಲೇ ಅದು! ಎಲ್ಲಾರೂ ಪಟ್ಟಿ ಹಾಕಿ ಕೊಡ್ರಿ” ಎಂದು ಅವನ ಬೇಡಿಕೆ. ಖಜಾಂಚಿ ಉಳಿದ ಚಪ್ಪಲಿಯನ್ನು ತಿರುವಿ ನೋಡಿ ತೀರ್ಪು ಕೊಟ್ಟ: “ಒಂದ ಹೋಗೇತಿ. ಅಂದ್ರ ಅರ್ಧಾ ನುಕಸಾನ.”

ಕೊನೆಯ ಪಾಳಿ ಖಜಾಂಚಿಯದು. ಹಿಂದಿನ ಕಾಲಿಗೆ ಹಗ್ಗ ಬಿಗಿದು, ಹಲಗೆಯ ಮೇಲೆ ಬೋರಲು ಮಲಗಿಸಿ, “ಎದ್ದಾಗ ಕೆಳಗೆ ನೋಡಬೇಡಿ, ಮುಂದೆ ನೋಡಿ” ಎಂದ ಹುಡುಗ. ಬಿದ್ದ ನಾಣ್ಯಕ್ಕಾಗಿ ಹುಟ್ಟಿದಾಗಿನಿಂದ ನೆಲ ನೋಡಿಕೊಂಡೇ ನಡೆದವನಿಗೆ ಇದಕ್ಕಿಂತ ಕಠಿಣ ಆಜ್ಞೆ ಇರಲಾರದು. ಐದು ಸಲ ಬಿದ್ದ. ನಾವು ದಂಡೆಯಲ್ಲಿ ನಿಂತು ಮುನ್ನೂರರ ತನಕ ಒಕ್ಕೊರಲಿನಿಂದ ಎಣಿಸಿದೆವು.

ಆರನೆಯ ಅಲೆಗೆ ಹುಡುಗ ಹಿಂದಿನಿಂದ ನೂಕಿದ. ಖಜಾಂಚಿ ಎದ್ದ. ಮೊಣಕಾಲು ಮಡಿಚಿ, ಕುಂಡಿ ಇಳಿಸಿ, ಕೈ ಚಾಚಿ ನಿಂತ ಆ ಭಂಗಿ ನನಗೆ ಗುರುತಿನದೇ. ಎತ್ತು ಹೂಡಿ ಕೊರಡು ಹೊಡೆಯುವಾಗ ಅವರಪ್ಪ ಅವನನ್ನು ಭಾರಕ್ಕೆಂದು ಕೊರಡಿನ ಮೇಲೆ ನಿಲ್ಲಿಸುತ್ತಿದ್ದರು. ನೊರೆಯ ಮೇಲೆ ದಂಡೆಯ ತನಕ ಹಾಗೇ ಬಂದ. ಬಾಯಿಂದ “ಹೋ ಹೋ, ಹೈ!” ಎಂದು ಎತ್ತು ಹೊಡೆಯುವ ಸದ್ದು.

ಇಳಿದವನೇ ಕೇಳಿದ: “ಫೋಟೋ?”

ಇರಲಿಲ್ಲ. ಫೋನಿಗೆ ನೀರು ತಾಗದ ಚೀಲ ಇನ್ನೂರು ರೂಪಾಯಿ ಎಂದಾಗ “ದುಂದು” ಎಂದು ವಾಪಸ್ ಕಳಿಸಿದವನು ಅವನೇ. ಫೋನೆಲ್ಲ ಬೊಲೆರೊದಲ್ಲಿದ್ದವು.

ಊರಿಗೆ ಬಂದ ಮರುದಿನ ವಾಟ್ಸಾಪಿನಲ್ಲಿ ಲೆಕ್ಕ ಬಂತು. ರೊಟ್ಟಿಗೆ ಜೋಳ, ಹರಿದ ಚಡ್ಡಿಗೆ ದಾರ, ಎಲ್ಲವೂ ಪೈಸೆಗೆ ಪೈಸೆ. ಅದರಲ್ಲೊಂದು ಸಾಲು ಮಾತ್ರ ತಿಳಿಯಲಿಲ್ಲ: ‘ಅಲೆ 1. ಖಜಾಂಚಿ ಖಾತೆಗೆ ಖರ್ಚು 60 ರೂ.’ ಫೋನ್ ಮಾಡಿ ಕೇಳಿದೆ.

“ಆ ಅಲಿ ನಾ ಒಬ್ಬಾವ್ನ ಬಳಸೇನಿ. ನಿಮ್ಮ ಮ್ಯಾಲ ಯಾಕ ಹಾಕ್ಲಿ? ಟಿಟಿಎಂಎಂ.”

ಅರವತ್ತನ್ನು ಉಳಿದ ನಾಲ್ವರಿಗೆ ಹಂಚಿ, ತಲಾ ಹದಿನೈದು ರೂಪಾಯಿ ಅವತ್ತೇ ಕಳಿಸಿದ. ಅಥಣಿಯವನ ಅರ್ಧ ಚಪ್ಪಲಿಯ ಬಾಬತ್ತು ಇನ್ನೂ ಚುಕ್ತಾ ಆಗಿಲ್ಲ.