ಎಡ ಹೆಗಲ ಕೆಳಗೆ, ಸ್ವಲ್ಪ ಒಳಕ್ಕೆ

ಕಾಯಿಲೆಗಳಲ್ಲೂ ಮರ್ಯಾದೆಯ ಮೇಲು ಕೀಳು ಇದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರನ್ನು ನೋಡಲು ನೆಂಟರು ಮೂಸಂಬಿ ಹಿಡಿದು ಬರುತ್ತಾರೆ. ಮಂಡಿನೋವಿನವರಿಗೆ ಬಸ್ಸಿನಲ್ಲಿ ಸೀಟು ಸಿಗುತ್ತದೆ. ಬೆನ್ನು ಕಡಿಯುತ್ತದೆ ಎಂದವನಿಗೆ ಸಿಗುವುದು ಒಂದೇ ಪ್ರಶ್ನೆ: "ಸ್ನಾನ ಆಯ್ತಾ?"

ನನ್ನದು ಎಡ ಹೆಗಲಿನ ಮೂಳೆಗೂ ಬೆನ್ನೆಲುಬಿಗೂ ನಡುವಿನ ಅಂಗೈಯಗಲದ ಜಾಗ. ಮೇಲಿನಿಂದ ಕೈ ಇಳಿಸಿದರೂ ಎಟುಕದು, ಕೆಳಗಿನಿಂದ ಏರಿಸಿದರೂ ಎಟುಕದು. ಹಾಗಾಗಿ ನಮ್ಮ ಮನೆಯ ಅಡಿಕೋಲು, ಬಾಚಣಿಗೆ, ದೋಸೆ ಮೊಗಚುವ ಕೈ ಎಲ್ಲವೂ ಬಿಡುವಿನಲ್ಲಿ ಇನ್ನೊಂದು ಉದ್ಯೋಗ ಮಾಡಿವೆ. (ಮೊಗಚುವ ಕೈಯ ವಿಷಯ ಮನೆಯಲ್ಲಿ ಗೊತ್ತಿಲ್ಲ.) ನಮ್ಮ ತಾತನಿಗೆ ಈ ಪರದಾಟ ಇರಲಿಲ್ಲ. ಜನಿವಾರವನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು, ಮಜ್ಜಿಗೆ ಕಡೆಯುವವರ ಹಾಗೆ ಆ ಕಡೆ ಈ ಕಡೆ ಎಳೆಯುತ್ತಿದ್ದರು. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ತಮಿಳುನಾಡಿನ ಹಳೆಯ ಊರುಗಳಲ್ಲಿ ದನಗಳು ಮೈ ಉಜ್ಜಿಕೊಳ್ಳಲೆಂದೇ ಕಲ್ಲು ನೆಡಿಸುತ್ತಿದ್ದರು. ಅದು ಪುಣ್ಯದ ಕೆಲಸ. ಮನುಷ್ಯರಿಗಾಗಿ ಯಾವ ಪುಣ್ಯಾತ್ಮನೂ ಒಂದು ಕಲ್ಲು ನೆಡಿಸಿದ್ದನ್ನು ನಾನು ಕಾಣೆ.

ಹೆಂಡತಿಯ ಕೈಯಲ್ಲಿ ಕೆರೆಸಿಕೊಳ್ಳಬಹುದಲ್ಲ ಎನ್ನುತ್ತೀರಿ. ಹೇಗಿರುತ್ತದೆ ಕೇಳಿ.

"ಇನ್ನೂ ಸ್ವಲ್ಪ ಮೇಲೆ."

"ಇಲ್ಲಾ?"

"ಅಲ್ಲ, ಒಳಕ್ಕೆ. ಒಳಕ್ಕೆ ಅಂದ್ರೆ ಬಲಕ್ಕೆ."

"ನಿಮ್ಮ ಬಲವೋ, ನನ್ನ ಬಲವೋ?"

ಹಿಂದೆ ನಿಂತವಳ ಬಲವೂ ಮುಂದೆ ಕೂತವನ ಬಲವೂ ಒಂದೇ ಎಂಬುದು ಆ ಹೊತ್ತಿನಲ್ಲಿ ಇಬ್ಬರಿಗೂ ಹೊಳೆಯುವುದಿಲ್ಲ. ಕೊನೆಗೆ ಆಕೆ, "ಎಲ್ಲಿ ಅಂತ ನಿಮಗೇ ಗೊತ್ತಿಲ್ವಲ್ಲ ರೀ" ಎಂದು ಎದ್ದು ಹೋಗುತ್ತಾಳೆ. ವಿಜ್ಞಾನ ಆಕೆಯ ಪಕ್ಷದಲ್ಲಿದೆ. ಜರ್ಮನಿಯ ಅರ್ನ್ಸ್ಟ್ ವೇಬರ್ 1834ರಷ್ಟು ಹಿಂದೆಯೇ ಕೈವಾರದ ಎರಡು ಮೊನೆಗಳನ್ನು ಮೈಮೇಲೆ ಅಲ್ಲಲ್ಲಿ ಊರಿ ಪರೀಕ್ಷೆ ಮಾಡಿದ್ದ. ಬೆರಳ ತುದಿಯಲ್ಲಾದರೆ ಎರಡು ಮೂರು ಮಿಲಿಮೀಟರ್ ಅಂತರದಲ್ಲೇ ಮೊನೆ ಎರಡೆಂದು ತಿಳಿಯುತ್ತದೆ. ಬೆನ್ನಿಗೆ ಅದು ತಿಳಿಯಲು ಸುಮಾರು ನಾಲ್ಕು ಸೆಂಟಿಮೀಟರ್ ಬೇಕು. ಅಷ್ಟು ಮಂದ ಜಾಗಕ್ಕೆ ಇಷ್ಟು ಚುರುಕಾದ ಕಡಿತ ಯಾಕೆ ಕೊಟ್ಟನೋ ದೇವರು.

ಚರ್ಮದ ಡಾಕ್ಟರು ಅಂಗಿ ಬಿಚ್ಚಿಸಿ, ದೀಪ ಹಿಡಿದು ನೋಡಿದರು. ಗುಳ್ಳೆ ಇಲ್ಲ, ಗಂದೆ ಇಲ್ಲ, ಹುಳುಕಡ್ಡಿಯೂ ಅಲ್ಲ. ಕಾಫಿ ಚೆಲ್ಲಿದಂಥ ಒಂದು ಕಪ್ಪು ಕಲೆ ಮಾತ್ರ. "ಕಲೆ ನೀವೇ ಮಾಡಿಕೊಂಡದ್ದು, ಕೆರೆದೂ ಕೆರೆದೂ. ಚರ್ಮದ್ದು ಏನೂ ತಪ್ಪಿಲ್ಲ, ನರದ್ದು" ಎಂದರು. ಬೆನ್ನುಹುರಿಯಿಂದ ಹೊರಟ ನರದ ಸಣ್ಣ ಕವಲುಗಳು ಅಲ್ಲಿ ಬೆನ್ನಿನ ಸ್ನಾಯುವನ್ನು ನೆಟ್ಟಗೆ ತೂರಿಕೊಂಡು ಚರ್ಮಕ್ಕೆ ಬರುತ್ತವಂತೆ. ದಾರಿಯಲ್ಲಿ ಎಲ್ಲೋ ಅದುಮಿದರೆ, ಕೆರಳಿದರೆ, ಮೆದುಳಿಗೆ 'ಕಡಿಯುತ್ತಿದೆ' ಎಂಬ ಸುಳ್ಳು ವರದಿ ಹೋಗುತ್ತದೆ. ಇದಕ್ಕೆ ನೋಟಾಲ್ಜಿಯಾ ಪ್ಯಾರಸ್ಥೆಟಿಕಾ ಎಂದು 1934ರಲ್ಲಿ ಹೆಸರಿಟ್ಟವರು ಅಸ್ತ್ವತ್ಸತುರೋವ್ ಎಂಬ ರಷ್ಯದ ನರವೈದ್ಯರು. ರೋಗಕ್ಕಿಂತ ಹೆಸರು ಭಾರ. ಆದರೂ ನನಗೆ ಖುಷಿಯಾಯಿತು. ಇಷ್ಟುದ್ದದ ಹೆಸರು ಹೇಳಿದ ಮೇಲೆ ಸ್ನಾನದ ವಿಚಾರ ಯಾರೂ ಎತ್ತುವುದಿಲ್ಲ.

ಅಲರ್ಜಿಯ ಮಾತ್ರೆಗೆ ಇದು ಸಾಮಾನ್ಯವಾಗಿ ಜಗ್ಗುವುದಿಲ್ಲ. ನುಂಗಿದರೆ ನಿದ್ದೆ ಬರುತ್ತದೆ, ನಿದ್ದೆಯಲ್ಲೂ ಕೆರೆತ ನಡೆಯುತ್ತದೆ. ಡಾಕ್ಟರು ಬರೆದುಕೊಟ್ಟದ್ದು ಮೆಣಸಿನಕಾಯಿಯ ಖಾರದ ಮುಲಾಮು. ಅದರೊಳಗಿನ ಕ್ಯಾಪ್ಸೈಸಿನ್ ನರದ ತುದಿಯಲ್ಲಿರುವ ಬಿಸಿ ತಿಳಿಯುವ ಬಾಗಿಲನ್ನೇ ತೆರೆಯುತ್ತದೆ. ಆ ಬಾಗಿಲನ್ನು ಪತ್ತೆ ಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಮೊದಮೊದಲು ಉರಿ, ಬಿಡದೆ ಹಚ್ಚುತ್ತಾ ಹೋದರೆ ನರ ಸೋತು ಸುಮ್ಮನಾಗುತ್ತದೆ. "ಬ್ಯಾಡಗಿಯದೋ ಗುಂಟೂರಿನದೋ?" ಎಂದು ನಮ್ಮಾಕೆ ಟ್ಯೂಬನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹಚ್ಚಿದ ದಿನ ರಾತ್ರಿ ನನಗೆ ಸಂಶಯ ಉಳಿಯಲಿಲ್ಲ, ಬ್ಯಾಡಗಿಯದಂತೂ ಅಲ್ಲ.

ಈಗ ಬಟ್ಟೆಯಲ್ಲಿ ಸುತ್ತಿದ ಐಸು, ಹತ್ತಿಯ ಬನಿಯನ್ನು, ಹೆಗಲು ಹಿಂದಕ್ಕೆ ಎಳೆಯುವ ವ್ಯಾಯಾಮ ಇವುಗಳ ಜೊತೆ ಸಂಸಾರ ನಡೆದಿದೆ. ಕನ್ನಡಿಯ ಉಪಾಯವೊಂದು ಉಂಟು. ಒಂದು ತೋಳು ಕಡಿಯುವಾಗ ಕನ್ನಡಿ ನೋಡುತ್ತಾ ಇನ್ನೊಂದನ್ನು ಕೆರೆದರೂ ಸ್ವಲ್ಪ ಶಮನವಾಗುತ್ತದೆ ಎಂದು ಜರ್ಮನಿಯವರು ತೋರಿಸಿಕೊಟ್ಟು 2016ರಲ್ಲಿ ಇಗ್ ನೊಬೆಲ್ ಎಂಬ ನಗೆಬಹುಮಾನ ಪಡೆದರು. ಬೆನ್ನಿಗೆ ಇದನ್ನು ಮಾಡಲು ಎರಡು ಕನ್ನಡಿ, ಎಟುಕುವ ಕೈ ಎರಡೂ ಬೇಕು. ಕೈ ಎಟುಕುವುದಾದರೆ ಕನ್ನಡಿ ಯಾತಕ್ಕೆ?

ಪಾರ್ಕಿನಲ್ಲಿ ಸಿಗುವ ನಿವೃತ್ತ ಮೇಷ್ಟ್ರೊಬ್ಬರಿಗೂ ಇದೇ ಕಾಟ, ಅವರದು ಬಲಗಡೆ. ನಾವಿಬ್ಬರೂ ರಾಜಕೀಯ ಬಿಟ್ಟು ಈಗ ಇದನ್ನೇ ಮಾತಾಡುತ್ತೇವೆ. ಮುಲಾಮು ಹಚ್ಚಬೇಕಾದ ಅವರ ಮನೆಯವರು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದಾರೆ. ಮೇಷ್ಟ್ರು ಬಿದಿರುಕೋಲಿನ ತುದಿಗೆ ಹತ್ತಿ ಕಟ್ಟಿಕೊಂಡು ತಾವೇ ಹಚ್ಚಿಕೊಳ್ಳುತ್ತಾರೆ. ಮೊನ್ನೆ ವಿಡಿಯೊ ಕಾಲ್‌ನಲ್ಲಿ ಅಂಗಿ ಎತ್ತಿ, "ಕಪ್ಪು ಏನಾದರೂ ಕಡಿಮೆಯಾಗಿದೆಯಾ ನೋಡೇ" ಎಂದರಂತೆ.

ಆಕೆ ನೋಡಿ, "ಅದಿರಲಿ, ಪಕ್ಕದಲ್ಲಿ ಗೋಡೆ ಮೂಲೆ ಮೇಲೆ ಅದೇನ್ರೀ ಅಷ್ಟೆತ್ತರಕ್ಕೆ ಎಣ್ಣೆ ಜಿಡ್ಡು?" ಎಂದರಂತೆ.